ರಮ್ಲತ್ ಕೊಟ್ಟ ಸರಿ ಉತ್ತರ

ನಿನ್ನೆ ಬಂಟ್ವಾಳದ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚುವ ಮೊದಲು ನರ್ಸಮ್ಮ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಡುಬಿದಿರೆಯ ಕಡೆ ನಾನು ಪಾಠ ಮಾಡಿದ ನರ್ಸಿಂಗ್ ಕಾಲೇಜು ನೆನಪಾಗಿ ಬಿಪಿ ಏರಿತು. ನಗಬೇಡಿ, ನೀವು ಅಲ್ಲಿ ಇದ್ದಿದ್ದರೆ ನಿಮಗೂ ಏರುತ್ತಿತ್ತು.

ನಮ್ಮ ಪ್ರಿನ್ಸಿಪಾಲರಿಗೆ ಇಂಗ್ಲಿಷೆಂದರೆ ಮಡಿಬಟ್ಟೆ. ಬಾಗಿಲ ಹೊರಗೆ ಫೋನಿನಲ್ಲಿ ಬಂಗುಡೆ ಮೀನಿಗೆ ತುಳುವಿನಲ್ಲಿ ಚೌಕಾಸಿ ಮಾಡಿದವರು ಹೊಸ್ತಿಲು ದಾಟಿದೊಡನೆ "ಓನ್ಲಿ ಇಂಗ್ಲಿಷ್!" ಎನ್ನುತ್ತಿದ್ದರು. ಆಮೇಲೆ ಅವರ ಬಳಿ ಹೆಚ್ಚು ಇಂಗ್ಲಿಷ್ ಉಳಿಯುತ್ತಿರಲಿಲ್ಲ. ನಾನೂ ಕಡಿಮೆಯವಳಲ್ಲ. ಕೊಕ್ಕಡ, ಸಿದ್ಧಕಟ್ಟೆಯಂಥ ಹಳ್ಳಿಗಳ ಹುಡುಗಿಯರ ಮುಂದೆ ಪುಸ್ತಕವನ್ನು ಗಡಗಡ ಓದಿ "ಅಂಡರ್‌ಸ್ಟುಡ್?" ಎಂದರೆ, ಭಜನೆಯ ಹಾಗೆ "ಯೆಸ್ ಮೇಡಂ" ಬರುತ್ತಿತ್ತು. ಆಮೇಲೆ ಒಬ್ಬಳನ್ನು ಕಿಟಕಿಯ ಬಳಿ ಕಾವಲಿಗೆ ನಿಲ್ಲಿಸಿ ತುಳುವಿನಲ್ಲಿ ನಿಜವಾದ ಪಾಠ. ಅವಳು ಕೆಮ್ಮಿದರೆ ಪ್ರಿನ್ಸಿಪಾಲರು ಬಂದರೆಂದು ಅರ್ಥ. ಕೂಡಲೇ ನಾನು ಇಂಗ್ಲಿಷಿಗೆ ಹಾರುತ್ತಿದ್ದೆ.

ವೈವಾ ಎಂಬ ಬಾಯಿಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಹುಟ್ಟಿದ್ದು ಇಲ್ಲೇ ನಮ್ಮ ತುಳುನಾಡಿನ ಲಾಯಿಲದಲ್ಲಿ. ವಾಂತಿಭೇದಿಯಿಂದ ಮಗುವಿನ ಮೈಯ ನೀರು ಬತ್ತಿದ್ದು ಹೇಗೆ ಗೊತ್ತಾಗುತ್ತದೆಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲ ಹುಡುಗಿ ಉರು ಹೊಡೆದದ್ದನ್ನು ಒಪ್ಪಿಸಿ, ನೆತ್ತಿಯ ಇಂಗ್ಲಿಷ್ ಹೆಸರು ಹೇಳಿ ಅದೆಲ್ಲಿ ಎಂದರೆ ಹೊಟ್ಟೆ ಮುಟ್ಟಿ ತೋರಿಸಿ ಪಾಸಾದಳು. ಆಮೇಲೆ ಸಿದ್ಧಕಟ್ಟೆಯ ರಮ್ಲತ್. ಫೇಲಾದರೆ ಓದು ಬಿಡಿಸಿ ಮದುವೆ ಮಾಡುತ್ತಾರೆಂದು ಬೆಳಿಗ್ಗೆ ನನ್ನೆದುರು ಅತ್ತವಳು, ಈಗ ಬಾಯಿ ಕಟ್ಟಿ ನಿಂತಳು.

"ಕನ್ನಡದಲ್ಲೇ ಹೇಳು ಮಾರಾಯ್ತಿ," ಎಂದೆ, ಪರೀಕ್ಷಕರ ಪಕ್ಕದಲ್ಲಿ ಕೂತಿದ್ದ ನಾನು.

"ನೆತ್ತಿ ಕುಳಿ ಬೀಳ್ತದೆ ಮೇಡಂ. ಅತ್ತರೂ ಕಣ್ಣೀರು ಬರುದಿಲ್ಲ. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಬೇಗ ಇಳಿಯುದಿಲ್ಲ."

"ಎಲ್ಲ ಸರಿ ಉಂಟು," ಎಂದರು ಪರೀಕ್ಷಕರು. "ಆದರೆ ಇಂಗ್ಲಿಷಿನಲ್ಲಿ ಹೇಳ್ಲಿಲ್ಲ ಅಲ್ವಾ?"

ಇದನ್ನು ಆ ಮಹಾನುಭಾವರು ಹೇಳಿದ್ದು ಕನ್ನಡದಲ್ಲಿ! ಹೇಳಿ, ಅವಳನ್ನು ಫೇಲು ಮಾಡಿ, ಎಳನೀರು ಕುಡಿದು ಹೋದರು. ರಮ್ಲತ್ ಮತ್ತೆ ಪರೀಕ್ಷೆಗೆ ಬರಲಿಲ್ಲ. ಅವಳ ಮದುವೆಗೆ ಹೋದವಳು ಊಟಕ್ಕೆ ಕೂರದೆ ಬಂದೆ.

ನಿನ್ನೆ ಕ್ಲಿನಿಕ್ಕಿನಿಂದ ಮನೆಗೆ ಬಂದರೆ ಅದೇ ಕಾಲೇಜಿನ ಹೊಸ ಪ್ರಿನ್ಸಿಪಾಲರ ಫೋನು: ಈ ಸಲದ ವೈವಾಕ್ಕೆ ಪರೀಕ್ಷಕಿಯಾಗಿ ನಾನು ಬರಬೇಕಂತೆ. ಪ್ರತಿ ಸಲ ಬೆನ್ನುನೋವಿನ ನೆಪ ಹೇಳುತ್ತಿದ್ದೆ. ನಿನ್ನೆ ಹೇಳಲಿಲ್ಲ.

"ಬರ್ತೇನೆ. ಆದರೆ ಕನ್ನಡದಲ್ಲಿ ಸರಿ ಹೇಳಿದವಳನ್ನು ನಾನು ಫೇಲು ಮಾಡುದಿಲ್ಲ."

"ರೂಲ್ಸು ಹಾಗೆ ಇಲ್ಲ ಅಲ್ವಾ ಮೇಡಂ?"

"ಹಾಗಾದರೆ ನನ್ನ ಪಕ್ಕದಲ್ಲೇ ಕೂತುಕೊಳ್ಳಿ. ಸರಿ ಉತ್ತರ ಕೊಟ್ಟ ಹುಡುಗಿಯ ಮುಖ ನೋಡಿ, ಫೇಲು ಅಂತ ನೀವೇ ಹೇಳಿ."

ಅವರು ಮತ್ತೆ ರೂಲ್ಸಿನ ಮಾತೆತ್ತಲಿಲ್ಲ. ಮೆಲ್ಲನೆ, ತುಳುವಿನಲ್ಲಿ, ಬನ್ನಿ ಎಂದು ಕರೆದರು: "ಬಲೆ ಮೇಡಂ, ಬಲೆ."