ಬೆನ್ನು ಮಾಡಿ ನಿಂತ ಹೆಂಗಸಿನ ರೀಲು

ಆಗ ನಮ್ಮ ಕಂಪ್ಲಿಯಲ್ಲಿ ದೆವ್ವದ ಸಿನಿಮಾ ನೋಡಬೇಕೆಂದರೆ ಸುಡುವ ಬಿಸಿಲು ಬೇಕಿತ್ತು. ಮೋಡ ಮುಚ್ಚಿದರೆ ದೆವ್ವವೂ ಇಲ್ಲ, ಸಿನಿಮಾವೂ ಇಲ್ಲ. ನನ್ನ ಟಾಕೀಸಿಗೆ ಸೂರ್ಯನೇ ಕರೆಂಟು.

ಇದು ನೆನಪಾಗಿದ್ದು ಮೊನ್ನೆ ಭಾನುವಾರ, ಹೊಸಪೇಟೆಯ ಮನೆಯಲ್ಲಿ. ಮೊಮ್ಮಗಳು ಸಿಂಚನ ಫೋನಿನಲ್ಲಿ ಒಂದು ಸಿನಿಮಾ ಹಾಕಿ ನನ್ನ ಪಕ್ಕ ಕುಳಿತಳು. ಮೂವರು ಹುಡುಗರು ಕ್ಯಾಮೆರಾ ಹಿಡಿದು ಪಾಳುಮನೆಗೆ ಹೋಗುತ್ತಾರೆ, ವಾಪಸ್ ಬರುವುದಿಲ್ಲ. ಆಮೇಲೆ ಯಾರಿಗೋ ಸಿಕ್ಕ ಆ ಕ್ಯಾಮೆರಾದಲ್ಲಿ ಇದ್ದದ್ದೇ ಸಿನಿಮಾ.

"ಹೆಂಗೈತಜ್ಜಿ?" ಅಂದಳು.

"ಚಿತ್ರ ನಡುಗೋದು ಮಸ್ತ್ ಐತಿ. ಕತ್ತಲದಾಗ ಏನೈತಿ ಅಂತ ತೋರಸದ ಇಟ್ಟಿದ್ದೂ ಚಲೋ. ಆದ್ರ ದೆವ್ವ ಬೆನ್ನತ್ತಿದ ಮ್ಯಾಲ ಕ್ಯಾಮೆರಾ ಒಗದು ಓಡ್ಬೇಕಪ, ಹಿಡ್ಕೊಂಡ ಓಡ್ತಾನಲ್ಲ, ಆ ಹುಡುಗಗ ಬುದ್ಧಿ ಐತೇನು? ಕಡೀಕ ದೆವ್ವದ ಮಾರಿ ಬ್ಯಾರೆ ತೋರಿಸಿ ಎಲ್ಲಾ ಕೆಡಿಸ್ಯಾರ."

"ಭಾಳ ಗೊತ್ತಿದ್ದೋರಂಗ ಮಾತಾಡ್ತಿ!"

"ನಿಮ್ಮಜ್ಜಿ ಹತ್ತು ವರ್ಷದಾಕಿ ಇದ್ದಾಗನ ಇಂಥಾದ್ದು ತೋರಿಸ್ಯಾಳಲೇ."

ಅವಳು ನಂಬಲಿಲ್ಲ. ಅದಕ್ಕೇ ಹೊಸದಾಗಿ ಕಲಿತು, ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಇದನ್ನೆಲ್ಲ ಕುಟ್ಟುತ್ತಿದ್ದೇನೆ.

ಪ್ರತಿ ವರ್ಷ ಚಳಿ ಮುಗಿಯುವ ಹೊತ್ತಿಗೆ ನಮ್ಮೂರ ಹೊರಗೆ ಟೂರಿಂಗ್ ಟಾಕೀಸಿನ ಟೆಂಟು ಬೀಳುತ್ತಿತ್ತು. ರೀಲು ಹರಿದಾಗಲೆಲ್ಲ ಆಪರೇಟರು ಹರಿದ ತುದಿ ಕತ್ತರಿಸಿ ಅಂಟು ಹಚ್ಚಿ, ತುಂಡನ್ನು ಹೊರಗೆ ಎಸೆಯುತ್ತಿದ್ದ. ಬೆಳಿಗ್ಗೆ ಅವನ್ನು ಆರಿಸುವುದು ನಮ್ಮ ಕೆಲಸ. ಕಾಳು ಇಡುವ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿ, ಒಂದೇ ತೂತು ಬಿಡುತ್ತಿದ್ದೆ. ಹೊರಗಿನಿಂದ ಗೆಳತಿ ಪಂಪಿ ನಮ್ಮ ಮನೆಯ ಕನ್ನಡಿ ಹಿಡಿದು ಆ ತೂತಿನೊಳಗೆ ಬಿಸಿಲು ಬಿಡುವಳು. ಒಳಗೆ ನಾನು ರೀಲಿನ ತುಂಡನ್ನು ತಲೆಕೆಳಗಾಗಿ ಹಿಡಿಯುವೆ. ಅದರ ಮುಂದೆ ನೀರು ತುಂಬಿದ ಸುಟ್ಟ ಬಲ್ಬು, ಅದೇ ನಮ್ಮ ಲೆನ್ಸು. ಎದುರಿಗೆ ಅಪ್ಪನ ಪಂಚೆ, ಅದರ ಮೇಲೆ ಚಿತ್ರ! ಟಿಕೆಟ್ಟು ಒಂದು ಹಿಡಿ ಮಂಡಕ್ಕಿ. ಒಣಮೆಣಸಿನಕಾಯಿ ಚೀಲದ ಘಾಟಿಗೆ ಸೀನುತ್ತಲೇ ಎಲ್ಲರೂ ನೋಡುತ್ತಿದ್ದರು.

ಆ ವರ್ಷ ನನಗೊಂದು ತುಂಡು ಸಿಕ್ಕಿತು. ಬಾಳೆತೋಟದಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಾಳೆ. ಕೊನೆಯ ಮೂರು ಚಿತ್ರಗಳಲ್ಲಿ ಮಾತ್ರ ತಿರುಗಿ, ಉಬ್ಬುಹಲ್ಲೆಲ್ಲ ಬಿಟ್ಟು ನಗುತ್ತಾಳೆ. ಇಷ್ಟು ಒಳ್ಳೆಯ ದೆವ್ವ ಹೀಗೆ ಹಾಳಾಗುವುದೇ? ಅಪ್ಪನ ಬ್ಲೇಡಿನಿಂದ ಆ ಮೂರನ್ನು ಕತ್ತರಿಸಿ, ಕನ್ನಡಿ ಹಿಡಿಯುವ ಕೂಲಿಯೆಂದು ಪಂಪಿಗೆ ಕೊಟ್ಟೆ.

ಭಾನುವಾರ ಮಧ್ಯಾಹ್ನ ಆಟ ಶುರುವಾಯಿತು. "ಇದು ಟೆಂಟಿನ ರೀಲಲ್ಲ. ಕಾಲುವಿ ದಂಡಿ ಬಾಳಿ ತ್ವಾಟದಾಗ ಸಿಕ್ಕೈತಿ. ತೆಗೆದಾವ ತಿರುಗಿ ಬರಲೇ ಇಲ್ಲ" ಎಂದು ದನಿ ಇಳಿಸಿ ಹೇಳಿದೆ. ಹೊರಗೆ ಪಂಪಿಯ ಕೈ ಸೋತಂತೆಲ್ಲ ಪಂಚೆಯ ಮೇಲಿನ ಹೆಂಗಸು ನಡುಗುತ್ತಿದ್ದಳು.

ನನ್ನ ಓರಗೆಯ ಹುಲಿಗಿ ಮಂಡಕ್ಕಿ ಮುಕ್ಕುತ್ತಾ ಕೇಳಿದಳು: "ತೆಗೆದಾವ ಬರಲಿಲ್ಲಂದ್ರ, ರೀಲು ಸ್ಟುಡಿಯೋದಾಗ ತೊಳಿಸಿ ತಂದೋರು ಯಾರಲೇ?"

ಕೇಳದವಳಂತೆ ರೀಲನ್ನು ಮುಂದಕ್ಕೆ ಎಳೆದೆ. ಅಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಚಿತ್ರ ಆರಿ ಕತ್ತಲಾಯಿತು. "ಹುಲಿಗೀ, ನಿನ್ನ ಹಿಂದನ ನಿಂತಾಳ!" ಎಂದು ಕಿರುಚಿದೆ. ಬಾಗಿಲಿಗೆ ಮೊದಲು ತಲುಪಿದವಳು ಅವಳೇ. ಅಂಥ ಭರ್ಜರಿ ಆಟ ಮತ್ತೆ ಆಡಿಸಿಲ್ಲ ನಾನು.

ಹುಲಿಗಿಯ ಅವ್ವ ಕಾಲುವೆಯಾಚೆಯ ಬಾಳೆತೋಟದಲ್ಲಿ ಕೂಲಿ. ನಸುಕಿನಲ್ಲೇ ಹೋಗುವಳು. ಮನೆಯಲ್ಲಿ ಹುಲಿಗಿಯ ಅಜ್ಜಿ ರೊಟ್ಟಿ ಬಡಿದಿಟ್ಟರೆ, ಮಧ್ಯಾಹ್ನ ಊಟಕ್ಕೆ ಶಾಲೆ ಬಿಟ್ಟಾಗ ಹುಲಿಗಿ ಬುತ್ತಿ ಒಯ್ಯಬೇಕು. ಮೂರು ದಿನದ ಮೇಲೆ, ಸಂಜೆ, ಅವಳ ಅವ್ವ ನಮ್ಮ ಕಟ್ಟೆಗೆ ಬಂದು ಕುಳಿತಳು. ನಾನು ನಮ್ಮವ್ವನ ಪಕ್ಕ ಶೇಂಗಾ ಸುಲಿಯುತ್ತಿದ್ದೆ.

"ಮೂರು ದಿನ ಆತ್ರೀ ಅಕ್ಕಾರ, ಬರೇ ನೀರು ಕುಡುದು ಬಾಳಿಗೊನಿ ಹೊತ್ತೀನಿ. ಹುಲಿಗಿ ಕಾಲುವಿ ತನಕ ಬಂದು ಬುತ್ತಿ ಹಿಡ್ಕೊಂಡ ತಿರುಗಿ ಓಡ್ತಾಳ. ಒಬ್ಬಾಕಿ ಬರಾಕ ಅಂಜಿಕಿ ಆದ್ರ ನಸುಕಿನ್ಯಾಗ ನನ್ ಜೋಡಿನ ಬರ್ಲಿ. ಸೋಮವಾರದಿಂದ ಸಾಲಿ ಬಿಡಸ್ತೀನಿ."

ನನ್ನ ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು.

ಮರುದಿನ ಹುಲಿಗಿಗೆ ಎಲ್ಲ ಒಪ್ಪಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. "ನಾ ಸಾಲಿ ಬಿಡಬಾರ್ದು ಅಂತ ಈಗ ಸುಳ್ಳು ಹೇಳಾಕತ್ತಿ." ನಿಜ ಹೇಳಿದಾಗಲೇ ನನ್ನನ್ನು ಸುಳ್ಳಿ ಅಂದದ್ದು ಅದೇ ಮೊದಲು. ಇನ್ನು ಉಳಿದ ಸಾಕ್ಷಿ ಆ ಮೂರು ಚಿತ್ರ. ಪಂಪಿಯ ಹತ್ತಿರ ಓಡಿದೆ.

"ಕನ್ನಡಿ ಕೊಡು, ಬಲ್ಬೂ ಕೊಡು. ಇನ್ಮ್ಯಾಲ ಟಾಕೀಸು ನಂದು" ಎಂದಳು.

"ಕನ್ನಡಿ ಅವ್ವಂದಲೇ!"

"ಹಂಗಾರ ಬ್ಯಾಡ ಬಿಡು."

ಕೊಟ್ಟೆ. ಮೂರು ಚಿತ್ರ ನನ್ನ ಕೈಗೆ ಬಂದವು; ಅವ್ವನಿಂದ ಒದೆ ತಿಂದದ್ದು ಬೇರೆ ವಿಷಯ.

ಕೋಣೆಯೊಳಗೆ ಬರಲು ಹುಲಿಗಿ ಒಪ್ಪಲಿಲ್ಲ. ಅಂಗಳದಲ್ಲೇ ಎರಡೂ ತುಂಡು ಕೂಡಿಸಿ ಆಕಾಶದ ಕಡೆ ಹಿಡಿದೆ. ಅವಳು ಒಂದು ಕಣ್ಣು ಮುಚ್ಚಿ, ಬೆನ್ನಿನಿಂದ ಮುಖದವರೆಗೆ ಒಂದೊಂದೇ ಚಿತ್ರ ನೋಡಿದಳು. "ಥೂ ಇಕಿನ! ಹಲ್ಲು ನೋಡಲೇ ಹಲ್ಲು!" ಎಂದು ನಕ್ಕು, ನಕ್ಕು, ನನ್ನ ಬೆನ್ನಿಗೊಂದು ಗುದ್ದಿದಳು. ಬುತ್ತಿ ತೆಗೆದುಕೊಂಡು ಇಬ್ಬರೂ ಹೊರಟೆವು. ತೋಟದೊಳಗೆ ಒಣಗಿದ ಬಾಳೆಲೆ ಸರಸರ ಅಂದಾಗ ಅವಳ ಲಂಗ ಹಿಡಿದುಕೊಂಡವಳು ನಾನು.

ಅವಳ ಅವ್ವ ರೊಟ್ಟಿ ಮುರಿಯುತ್ತಾ ನಮ್ಮಿಬ್ಬರನ್ನೂ ನೋಡಿದಳು. "ಜಲ್ದಿ ಹೋಗ್ರಿ. ಸಾಲಿ ಗಂಟಿ ಹೊಡಿತೈತಿ" ಅಂದಳು.

ಪಂಪಿಯ ಟಾಕೀಸು ನಡೆಯಲಿಲ್ಲ. ಅದು ನಗುವ ದೆವ್ವವೆಂದು ಹುಲಿಗಿ ಎಲ್ಲರಿಗೂ ಹೇಳಿದ ಮೇಲೆ ಯಾರು ಮಂಡಕ್ಕಿ ಕೊಡುತ್ತಾರೆ? ಟೆಂಟು ಬರುವುದೂ ನಿಂತು ಎಷ್ಟೋ ವರ್ಷವಾಯಿತು. ಪಂಪಿ ಮೊದಲು ಹೋದಳು, ಹೋದ ವರ್ಷ ಹುಲಿಗಿ.

ಇಷ್ಟು ಕುಟ್ಟಿದ ಮೇಲೆ, ಅಂದಿನಿಂದ ಕುಂಕುಮದ ಡಬ್ಬಿಯಲ್ಲಿಟ್ಟಿದ್ದ ಆ ಮೂರು ಚಿತ್ರ ತೆಗೆದು ಸಿಂಚನಳಿಗೆ ಕೊಟ್ಟೆ. ಅವಳು ಕಿಟಕಿಗೆ ಹಿಡಿದಳು. ನಮ್ಮ ಬೆರಳುಗಳು ಸವರಿ ಸವರಿ ಬಿಳಿ ಸೀರೆಯಷ್ಟೇ ಉಳಿದಿದೆ.

"ಮಾರಿನ ಇಲ್ಲಲ್ಲಜ್ಜಿ!"

"ಐತಿ. ನಗಾಕತ್ತಾಳ."

"ಯಾರು ನೋಡ್ಯಾರ?"

ನೋಡಿದವರು ಮೂವರು. ಇಬ್ಬರು ಇಲ್ಲ. ಉಳಿದವಳು ಕಂಪ್ಲಿಯಲ್ಲೇ ದೊಡ್ಡ ಸುಳ್ಳಿ. ಸಿಂಚನ ತುಂಡನ್ನು ಮೆಲ್ಲಗೆ ನನ್ನ ಕೈಗಿಟ್ಟು, ತನ್ನ ಹಿಂದೊಮ್ಮೆ ತಿರುಗಿ ನೋಡಿ, ಸ್ವಲ್ಪ ದೂರ ಸರಿದು ಕುಳಿತಳು.