ದಂಡಿ ಸ್ಟೇಶನ್ನಿನ ಹಾಸು

ಕೋವಿಡ್ ಮುಗಿದ ಮರುವರ್ಷ ನಾನು ಬಾಗಲಕೋಟೆಯಲ್ಲಿದ್ದೆ. ಸರ್ಕಾರಿ ಇಂಜಿನಿಯರ್ ಹುದ್ದೆಯಿಂದ ನಿವೃತ್ತಳಾಗಿ, ಹಳೆಯ ಕಟ್ಟಡಗಳ ದಾಖಲೀಕರಣದ ಸಲಹೆಗಾರ್ತಿಯಾಗಿ ದುಡಿಯುತ್ತಿದ್ದೆ. ಕಟ್ಟಡದ ಅಳತೆ, ಸ್ಥಿತಿ ಮತ್ತು ಚರಿತ್ರೆಯನ್ನು ಬರೆದು ಸಹಿ ಹಾಕಿಕೊಡುವುದು ಆ ಕೆಲಸ. ಆಗ ನನ್ನ ಪಾಲಿಗೆ ಬಂದದ್ದು ಹಿನ್ನೀರಿನ ಅಂಚಿನಲ್ಲಿರುವ ಒಂದು ಹಳೆಯ ರೈಲು ನಿಲ್ದಾಣ.

ನಮ್ಮ ಸೀಮೆಗೆ ಸಮುದ್ರವಿಲ್ಲ. ಅಣೆಕಟ್ಟೆಯ ಹಿನ್ನೀರೇ ನಮ್ಮ ಸಮುದ್ರ. ಮೀಟರ್ ಗೇಜ್ ಕಾಲದಲ್ಲಿ ಗುಳೇದಗುಡ್ಡದ ರವಿಕೆ ಖಣ, ಇಳಕಲ್ಲಿನ ಸೀರೆಗಳ ಗಂಟುಗಳು ಈ ನಿಲ್ದಾಣದಲ್ಲಿ ರೈಲು ಹತ್ತುತ್ತಿದ್ದವು. ನೀರು ನಿಂತ ಮೇಲೆ ಹಳಿಯನ್ನು ಎತ್ತರದ ನೆಲಕ್ಕೆ ಒಯ್ದರು. ನಿಲ್ದಾಣ ಮಾತ್ರ ಪ್ಲಾಟ್‌ಫಾರ್ಮಿನ ಕಲ್ಲಿಗೆ ಅಲೆ ಬಡಿಸಿಕೊಳ್ಳುತ್ತ ಅಲ್ಲೇ ಉಳಿಯಿತು. ಜನ ಅದನ್ನು ‘ದಂಡಿ ಸ್ಟೇಶನ್’, ಅಂದರೆ ದಡದ ಸ್ಟೇಶನ್, ಎಂದು ಕರೆದರು.

ಖಾಸಗಿ ಸಂಸ್ಥೆಯೊಂದು ಅಲ್ಲಿ ಹೋಟೆಲು ಮತ್ತು ದೋಣಿವಿಹಾರ ನಡೆಸಲು ಅನುಮತಿ ಕೇಳಿತ್ತು. ಅವರ ಸರ್ವೆ ವರದಿಯಲ್ಲಿ ‘ಬಳಕೆಯಲ್ಲಿಲ್ಲ’ ಎಂಬ ಒಂದು ಪದವಿತ್ತು. ನಾನು ಅದನ್ನು ದೃಢೀಕರಿಸಿದರೆ ಸುತ್ತಲೂ ತಂತಿಬೇಲಿ ಏಳುವುದಿತ್ತು.

ಅಳತೆಗೆಂದು ನಾನು ಹೊತ್ತು ಮೂಡುವಾಗಲೇ ಹೋದೆ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ, ಬೇವಿನ ಮರಗಳ ನೆರಳಿನಲ್ಲಿ, ಕೆಂಪು ನೂಲು ಎಳೆಎಳೆಯಾಗಿ ಹರವಿಕೊಂಡಿತ್ತು. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಎಳೆಗಳನ್ನು ಹೀಗೆ ಬಿಗಿದು ಗಂಜಿ ಹಚ್ಚಬೇಕು. ಇದಕ್ಕೆ ಹಾಸು ಎನ್ನುತ್ತಾರೆ, ಹೀಗೆ ಬಿಗಿಯುವುದಕ್ಕೆ ಹಾಸು ಹೂಡುವುದು. ಹಸಿ ಹಾಸನ್ನು ಮಡಚಿದರೆ ಎಳೆಗಳು ಅಂಟಿಕೊಂಡು ಇಡೀ ನೂಲು ಹಾಳು. ಏಳೆಂಟು ಹೆಂಗಸರು ಕುಂಚ ಹಿಡಿದು ಗಂಜಿ ಎಳೆಯುತ್ತಿದ್ದರು.

“ಅಕ್ಕಾರ, ಚಪ್ಪಲಿ ಅಲ್ಲೇ ಬಿಟ್ಟು ಸುತ್ತ ಹಾಕಿ ಬರ್ರಿ. ಹಾಸು ದಾಟಬಾರ್ದು,” ಎಂದಳು ಅವರ ಮುಂದಾಳು ಶಹನಾಜ್.

“ಟಿಕೀಟ ಕೇಳ ಶಹನಾಜ್, ಪ್ಲಾಟ್‌ಫಾರ್ಮಿಗೆ ಬಂದಾರ!” ಎಂದು ಹಿರಿಯಳಾದ ಶಾಂತವ್ವ ನಕ್ಕಳು.

ನನ್ನಿಂದ ಬೇಲಿಯ ಮಾತು ಕೇಳಿದಾಗ ಇಬ್ಬರ ನಗುವೂ ನಿಂತಿತು. “ರೈಲಿಗೆ ನಾವ್ ಬ್ಯಾಡಾದ್ವಿ, ಖರೆ. ಸ್ಟೇಶನ್ನಿಗೆ ಬ್ಯಾಡಾಗಿಲ್ರಿ. ಇದೂ ಹೋದ್ರ ಮಗ್ಗಾ ಮಾರೂದಾ,” ಎಂದಳು ಶಹನಾಜ್.

ಇಲ್ಲಿ ನಡೆದ ತಪ್ಪುಗಳನ್ನು ಹೆಸರಿಟ್ಟೇ ಹೇಳಬೇಕು. ಹಿನ್ನೀರಿನಲ್ಲಿ ಮುಳುಗಿದ ಇವರ ಮನೆಗಳಿಗೆ ಹೊಸ ಕಾಲೊನಿಯಲ್ಲಿ ನಿವೇಶನ ಸಿಕ್ಕಿತು. ಮುಳುಗಿದ ಓಣಿಗೆ ಏನೂ ಸಿಗಲಿಲ್ಲ. ಆ ಓಣಿಯೇ ಇವರು ಹಾಸು ಹೂಡುವ ಕಾರ್ಖಾನೆ ಎಂಬುದು ಕಾಲೊನಿಯ ನಕ್ಷೆ ಬರೆದವರಿಗೆ ಹೊಳೆಯಲಿಲ್ಲ. ಅಲ್ಲಿ ಜಾಗ ಸಾಲದೆ ಇವರು ಈ ಪ್ಲಾಟ್‌ಫಾರ್ಮಿಗೆ ಬಂದಿದ್ದರು. ಹೆಂಗಸರ ದುಡಿಮೆಯನ್ನು ಮನೆಗೆಲಸವೆಂದು ಎಣಿಸಿದ್ದು ಇನ್ನೊಂದು ತಪ್ಪು. ಸರ್ವೆಯವರದಂತೂ ತೀರ ಸಣ್ಣ ಅಲಕ್ಷ್ಯ, ಆದರೆ ಎಲ್ಲಕ್ಕಿಂತ ಅಪಾಯಕಾರಿ: ಅವರು ಊಟ ಮುಗಿಸಿಕೊಂಡು ಮಧ್ಯಾಹ್ನ ಬಂದಿದ್ದರು. ಬಿಸಿಲೇರುವ ಮೊದಲೇ ಹಾಸು ಸುತ್ತಿ ಒಯ್ಯುವುದು ಇಲ್ಲಿನ ಪದ್ಧತಿ. ಅವರು ಕಂಡದ್ದು ಖಾಲಿ ಕಟ್ಟೆ.

ಅನುಮತಿ ಕೊಡಬೇಕಾದ ಅಧಿಕಾರಿಯ ಸ್ಥಳ ಪರಿಶೀಲನೆಯನ್ನೂ ಮಧ್ಯಾಹ್ನಕ್ಕೇ ಇಟ್ಟಿದ್ದರು. ಮುಂಜಾನೆಗೆ ಬದಲಿಸಿ ಎಂದು ನಾನು ಪಟ್ಟು ಹಿಡಿದೆ.

“ಮುಂಜಾನಿ ಸಾಹೇಬ್ರಿಗೆ ಪುರಸೊತ್ತಿಲ್ರಿ, ಮೇಡಂ,” ಎಂದ ಸಂಸ್ಥೆಯ ಮ್ಯಾನೇಜರ್.

“ಹಂಗಾದ್ರ ನನ್ನ ಸಹಿನೂ ಇಲ್ರಿ.”

ಪರಿಶೀಲನೆ ಮುಂಜಾನೆಯೇ ನಡೆಯಿತು. ಗಂಜಿ ಇನ್ನೂ ಹಸಿಯಾಗಿತ್ತು. ದಾರಿ ತೋರಿಸುವ ಉತ್ಸಾಹದಲ್ಲಿ ಮ್ಯಾನೇಜರ್ ಹಾಸು ದಾಟಲು ಬೂಟುಗಾಲು ಎತ್ತಿದ.

“ಲೇ ತಮ್ಮಾ, ದಾಟಿದ್ರ ಈ ಸೀರಿ ನೀನ ನೇಯ್ಬೇಕಾಕ್ಕೈತಿ ನೋಡು! ಆಮ್ಯಾಲ ನೀನ ಉಟ್ಕೋಬೇಕಾಕ್ಕೈತಿ!” ಎಂದು ಶಾಂತವ್ವ ಕೂಗಿದಳು.

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಅವರು ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲೇ ಹಾಸಿನ ಪಕ್ಕ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದರು. ಸುತ್ತು ಹಾಕಿ ಬರುವಷ್ಟರಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿದ್ದರು.

“ಒಣಗಾಕ ಎಷ್ಟೊತ್ತು ಬೇಕ್ರಿ?” ಎಂದು ಕೇಳಿದರು.

“ನೀರಿನ ಗಾಳಿ ಬಂದ್ರ ಈಗ ಆಕ್ಕೈತ್ರಿ ಸಾಹೇಬ್ರ,” ಎಂದಳು ಶಹನಾಜ್. “ನೀವೆಲ್ಲಾ ಗಾಳಿಗೆ ಅಡ್ಡ ನಿಂತ್ರ ಸಂಜೀತನಾ ಒಣಗಂಗಿಲ್ಲ.”

ಅವರು ಪಕ್ಕಕ್ಕೆ ಸರಿದು ನಿಂತು ಮ್ಯಾನೇಜರನ ಕಡೆ ತಿರುಗಿದರು. “ಬಳಕೆಯಲ್ಲಿಲ್ಲ ಅಂತ ಬರದಾವ್ರು ಎಷ್ಟೊತ್ತಿಗಿ ಬಂದಿದ್ರು?”

“ಮಧ್ಯಾಹ್ನರೀ, ಸರ್.”

ಬೇಲಿಗೆ ಅನುಮತಿ ಸಿಗಲಿಲ್ಲ. ಹೋಟೆಲು ಟಿಕೆಟ್ ಕೋಣೆಗೆ ಸೀಮಿತವಾಯಿತು. ಮಧ್ಯಾಹ್ನದವರೆಗೆ ಪ್ಲಾಟ್‌ಫಾರ್ಮು ನೇಕಾರರದೆಂದು ಆದೇಶವಾಯಿತು. ಪೂರ್ಣ ಗೆಲುವೇನಲ್ಲ. ಕಾರು ನಿಲ್ಲಿಸಲೆಂದು ಒಂದು ಬದಿಯ ಬೇವಿನ ಮರಗಳನ್ನು ಕಡಿದರು. ನಾನು ಲಿಖಿತವಾಗಿ ವಿರೋಧಿಸಿದೆ, ಸೋತೆ. ಆ ಬದಿಯಲ್ಲಿ ಈಗ ನೂಲಿಗೆ ನೆರಳಿಲ್ಲ. ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಒಂದು ಸ್ಥಳವನ್ನು ಪಾಳು ಎಂದು ಬರೆಯುವ ಮೊದಲು, ನೋಡಲು ಹೋದ ಹೊತ್ತು ಯಾರದು ಎಂದು ಕೇಳಿಕೊಳ್ಳಬೇಕು: ನಮ್ಮ ಬಿಡುವಿನದೋ, ಅಲ್ಲಿ ದುಡಿಯುವವರದೋ? ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ನಿಲ್ದಾಣದ ಚರಿತ್ರೆಯ ಫಲಕವನ್ನು ನಾನೇ ಬರೆದುಕೊಟ್ಟೆ. ಕೊನೆಯ ಸಾಲು ಮಾತ್ರ ಶಹನಾಜ್ ಹೇಳಿಕೊಟ್ಟದ್ದು. ಆಕೆಯ ಮಾತಿನಲ್ಲೇ ಇರಲೆಂದು ನಾನು ತಿದ್ದಲಿಲ್ಲ:

‘ಹಾಸು ಹೂಡೇವಿ. ದಾಟಬ್ಯಾಡ್ರಿ, ಸುತ್ತ ಹಾಕಿ ಬರ್ರಿ.’