ಸಂಕ್ರಾಂತಿಯ ಪಾಕ, ಕೇಕಿನ ಹೊದಿಕೆ

ನನ್ನ ಅತ್ತಿಗೆ ಮಂಡ್ಯದಲ್ಲಿ ಕೇಕಿನ ಅಲಂಕಾರ ಕಲಿತದ್ದು ೧೯೪೪ರಲ್ಲಿ ಎಂದು ಬಹುಕಾಲ ನಂಬಿದ್ದೆ. ಅದು ಸರಿಯಲ್ಲ. ಅಣ್ಣ ಸೈನ್ಯದಿಂದ ಇನ್ನೂ ಮರಳಿರಲಿಲ್ಲ, ನಿಜ. ಆದರೆ ಯುದ್ಧ ಮುಗಿದಿತ್ತು, ಕಲಿಸುತ್ತಿದ್ದ ಇಂಗ್ಲಿಷ್ ಎಂಜಿನಿಯರರ ಪತ್ನಿ ಸ್ವದೇಶಕ್ಕೆ ಹೊರಡಲು ಹಡಗಿಗಾಗಿ ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚಿನ ಮರದ ಮಣೆಗಳು ಅಟ್ಟದಿಂದ ಇಳಿದಿದ್ದವು. ಆದ್ದರಿಂದ ಅದು ೧೯೪೬ರ ಜನವರಿ, ಸಂಕ್ರಾಂತಿಗೆ ಮುಂಚಿನ ದಿನಗಳು.

ಬುಧವಾರದ ಮಧ್ಯಾಹ್ನಗಳಲ್ಲಿ ಆಕೆಯ ಬಂಗಲೆಯ ಜಗುಲಿಯಲ್ಲಿ ತರಗತಿ ನಡೆಯುತ್ತಿತ್ತು. ಹೈಸ್ಕೂಲು ಮುಗಿಸಿದ್ದ ನಾನು ಇಂಗ್ಲಿಷನ್ನು ಕನ್ನಡಿಸಿ ಹೇಳಲು ಅತ್ತಿಗೆಯ ಜೊತೆಗೆ ಹೋಗುತ್ತಿದ್ದೆ. ಮೊದಲು ಐಸಿಂಗನ್ನು ತೆಳುವಾಗಿ ಸವರಿ ಕೇಕಿನ ಪುಡಿ ಏಳದಂತೆ ಮಾಡಬೇಕು. ಅದು ಆರಿದ ಮೇಲೆ ದಪ್ಪನೆಯ ಪದರ ಹಚ್ಚಿ, ಬಿಸಿನೀರಿನಲ್ಲಿ ಅದ್ದಿದ ಮೊಂಡು ಚಾಕುವಿನಿಂದ ನಯಗೊಳಿಸಬೇಕು. ಹೂಬಳ್ಳಿಗೆ ಎಣ್ಣೆಕಾಗದದ ಪೊಟ್ಟಣ. ಅದರ ತುದಿಯನ್ನು ಎಷ್ಟು ಕತ್ತರಿಸಿದರೆ ಗೆರೆ ಅಷ್ಟು ದಪ್ಪ.

"ಇದೇನ್ ಕಣಮ್ಮಿ, ರಂಗೋಲೆ ಬುಡೋದೇ ಅಲ್ವಾ?" ಎಂದರು ಪೂರಿಗಾಲಿಯ ಕಡೆಯ ನನ್ನ ಅತ್ತಿಗೆ. "ನೆಲದ್ ಬದ್ಲು ತಿನ್ನೋದ್ರ ಮೇಲೆ ಬುಡ್ತಾರೆ, ಅಷ್ಟೇಯ."

ಮನೆಯಲ್ಲಿ ತಟ್ಟೆಯನ್ನು ಬೋರಲು ಹಾಕಿ, ಕಲಸಿದ ಅಕ್ಕಿಹಿಟ್ಟಿನಿಂದ ಅಭ್ಯಾಸ ಮಾಡುತ್ತಿದ್ದರು. ನಮ್ಮವ್ವ ನೋಡಿ ಹೇಳುತ್ತಿದ್ದರು: "ಗ್ವಾಡೆಗೆ ಸುಣ್ಣ ಬಳ್ಯೋಕೆ ಬಾ ಅಂದ್ರೆ ಬರಾಕಿಲ್ಲ. ತಟ್ಟೆ ಬೆನ್ಗೆ ಬಳೀತಾವ್ಳೆ ನೋಡು!"

ಆ ಮಹಿಳೆ ಹೊರಟ ಮೇಲೆ ತರಗತಿ ನಡೆಸಲು ಒಬ್ಬರು ಬೇಕಾಗಿತ್ತು. ಅತ್ತಿಗೆಗೆ ಆ ಸ್ಥಾನದ ಆಸೆಯಿತ್ತು. ಅಣ್ಣ ಹೋದಂದಿನಿಂದ ಅವರು ಹೊಸಿಲು ದಾಟುತ್ತಿದ್ದುದು ಬುಧವಾರ ಮಾತ್ರ. ವಿದಾಯದ ಟೀ ಕೂಟದ ಕೇಕನ್ನು ಅಲಂಕರಿಸಿ ತಂದರೆ ಆಮೇಲೆ ನಿರ್ಧರಿಸುವೆನೆಂದು ಎಂಜಿನಿಯರರ ಪತ್ನಿ ತಿಳಿಸಿದರು. ಕೆಟ್ಟರೆ ಬಂಗಲೆಯ ದಾರಿ ಮುಚ್ಚಿತು ಎಂದು ಅವ್ವ ಸ್ಪಷ್ಟವಾಗಿಯೇ ಹೇಳಿದ್ದರು.

ಬೆಂದ ಕೇಕು ನಮ್ಮ ಮನೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ಐಸಿಂಗಿಗೆ ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆಯಬೇಕು. ನಮ್ಮ ಅಡುಗೆಮನೆಯಲ್ಲಾದರೋ ಸೋಮವಾರ ಮೊಟ್ಟೆ ಮುಟ್ಟುವಂತಿರಲಿಲ್ಲ, ಅದು ಶಿವನ ವಾರ. ಅತ್ತಿಗೆ ಯಾರನ್ನೂ ಕೇಳದೆ, ಹಬ್ಬಕ್ಕೆಂದು ಪಡಿತರದಲ್ಲಿ ಉಳಿಸಿದ್ದ ಸಕ್ಕರೆಯನ್ನು ಹಾಲು ಹಾಕಿ ಶುದ್ಧಿಮಾಡಿ, ಅವ್ವ ಕಲಿಸಿದ್ದ, ಅಚ್ಚಿಗೆ ಹುಯ್ಯುವ ಪಾಕವನ್ನೇ ತೆಗೆದು ಕೇಕಿನ ಮೇಲೆ ಸುರಿದರು. ಅದು ಹಾಲಿನಂತೆ ಬೆಳ್ಳಗೆ, ಕನ್ನಡಿಯಂತೆ ನಯವಾಗಿ ನಿಂತಿತು. ಅಂಚಿಗೆ ಬಳ್ಳಿ ಎಳೆಯುವ ಮೊದಲೇ ಪೊಟ್ಟಣದ ಪಾಕ ಗಟ್ಟಿಯಾಯಿತು. ಬಳ್ಳಿ ಇಲ್ಲದೆಯೇ ಕೇಕನ್ನು ಒಯ್ದೆವು.

ಅಂದು ಸಂಜೆಯ ಕೂಟದಲ್ಲಿ ಚಾಕು ಇಳಿಯಲಿಲ್ಲ. ಎಂಜಿನಿಯರರು ಎದ್ದು ನಿಂತು ಒತ್ತಿದಾಗ ಹೊದಿಕೆ ಹೋಳಾಗಿ ಸಿಡಿದು, ಒಂದು ಚೂರು ಅತಿಥಿಯೊಬ್ಬರ ಟೀ ಬಟ್ಟಲಿಗೆ ಬಿತ್ತು. "ಇದು ಕೇಕ್ ಅಲ್ಲ, ಕೋಟೆ," ಎಂದು ಎಂಜಿನಿಯರರ ಪತ್ನಿ ತಮಗೆ ಬರುವ ಅಲ್ಪ ಕನ್ನಡದಲ್ಲೇ ಹೇಳಿ ನಕ್ಕರು. ಬುಧವಾರ ಇನ್ನೊಂದು ಸಣ್ಣ ಕೇಕು ಕೊಡುವೆನೆಂದೂ ಅದೇ ಕೊನೆಯ ಅವಕಾಶವೆಂದೂ ನನ್ನ ಮೂಲಕ ತಿಳಿಸಿದರು. ಮನೆಗೆ ಬಂದು ಅತ್ತಿಗೆ ನಡೆದದ್ದನ್ನು ಅವ್ವನಿಗೆ ಹೇಳಿದರು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡರು. ಬುಧವಾರದ ಮಾತಿಗಿಂತ ಕೋಟೆಯ ಮಾತೇ ಅವರಿಗೆ ನಾಟಿತು.

"ನನ್ ಪಾಕನ ಕಲ್ಲು ಅನ್ನಿಸ್ಕೊಂಡ್ ಬಂದ್ಯಾ?"

"ಸ್ವಾಮಾರ ಮೊಟ್ಟೆ ಎಂಗ್ ಒಡೀಲಿ ಅತ್ತೆ?"

"ನಮ್ಮನೇಲಿ ಒಡೀಬ್ಯಾಡ ಕಣಮ್ಮಿ. ಅವ್ರ ಮನೇಲಿ ಒಡುದ್ರೆ ಯಾವ ಸಿವ ಬಂದು ಕೈ ಇಡ್ಕತಿದ್ದ?" ಎಂದವರೇ, "ಉಳ್ದಿರೋ ಸಕ್ರೆ ತಕಬಾ," ಎಂದರು.

"ಅಬ್ಬಕ್ಕೆ?"

"ಈ ಸಲ ಬರೀ ಎಳ್ಳು ಬೆಲ್ಲ ಬೀರಾನ. ಬೆಲ್ಲಕ್ಕೇನು ಬರ್ವಾ ಮಂಡ್ಯದಲ್ಲಿ?"

ಮಂಗಳವಾರ ಅತ್ತೆ ಸೊಸೆ ಸೇರಿ ಪಾಕವನ್ನು ಬೇಗ ಇಳಿಸಿದರು; ಅದು ನೀರಾಗಿಯೇ ಉಳಿಯಿತು. ಮತ್ತೆ ಒಲೆಗೇರಿಸಿ, ನೀರಿಗೆ ಹಾಕಿದ ಹನಿ ಮೆತ್ತನೆಯ ಉಂಡೆಯಾದಾಗ ಇಳಿಸಿ, ಅಲುಗಿಸದೆ ಆರಲು ಬಿಟ್ಟು, ಆಮೇಲೆ ಮರದ ಸೌಟಿನಿಂದ ಇಬ್ಬರೂ ಸರದಿಯಂತೆ ಕಡೆದರು. ಪಾಕ ಬೆಣ್ಣೆಯಂತಾಯಿತು. ಎರಡು ಚಮಚ ಬಿಸಿ ಹಾಲು ಬೆರೆಸಿದ ಮೇಲೆ ಪೊಟ್ಟಣದ ತುದಿಯಿಂದಲೂ ಸರಾಗವಾಗಿ ಇಳಿಯಿತು.

ಬುಧವಾರ ಬಂಗಲೆಯಲ್ಲಿ ಅದನ್ನೇ ಸಣ್ಣ ಕೇಕಿಗೆ ಹಚ್ಚಿದಾಗ ಚಾಕು ತಳದವರೆಗೆ ಇಳಿಯಿತು. ಅಂಚಿನ ಬಳ್ಳಿ ಒಡೆಯಲಿಲ್ಲ. ಆಕೆ ಹೊರಟದ್ದು ಅದೇ ವರ್ಷ. ತಿಂಗಳನ್ನು ಖಚಿತಪಡಿಸಿಕೊಳ್ಳಲು ನನಗೆ ಆಧಾರ ದೊರೆತಿಲ್ಲ. ಆನಂತರದ ತರಗತಿ ಅತ್ತಿಗೆಯದು. ಅಲ್ಲಿ ಎರಡು ಬಗೆಯ ಐಸಿಂಗ್ ಕಲಿಸುತ್ತಿದ್ದರು: ಮೊಟ್ಟೆಯದೊಂದು, ಮೊಟ್ಟೆ ಮುಟ್ಟದ ವಾರದ ದಿನಕ್ಕೆ ಪಾಕದ್ದೊಂದು. ಪಾಕದ ಪಾಠವಿದ್ದ ದಿನ ಅವ್ವ ಮಧ್ಯಾಹ್ನದ ನಿದ್ದೆ ಬಿಟ್ಟು ಜೊತೆಗೆ ಹೋಗುತ್ತಿದ್ದರು, "ಇವ್ಳು ಮತ್ತೆ ಕಲ್ಲು ಮಾಡುದ್ರೆ ಎಸ್ರು ಕೆಡೋದು ನಂದು" ಎನ್ನುತ್ತಾ.